ರಸ್ತೆ ಬದಿಯ ಗಡಿ ಕಲ್ಲು: ದಾಖಲೆ ಹುಡುಕುವುದರಿಂದ ಮಹಜರಿನವರೆಗೆ

ಬಯಲುಸೀಮೆಯ ಒಂದು ಹಳ್ಳಿ ರಸ್ತೆಗೆ ಗಡಿ ಕಲ್ಲು ನೆಡುವ ಕೆಲಸದಲ್ಲಿ ನಾನು ಮೊದಲ ಬಾರಿಗೆ ಟೇಪು ಹಿಡಿದೆ. ಡಾಂಬರಿನ ನಡುವಿನಿಂದ ಎರಡೂ ಕಡೆಗೆ ಏಳೂವರೆ ಮೀಟರ್ ಅಳೆದು, ಸುಣ್ಣದ ಗುರುತು ಹಾಕಿ, ಎರಡು ದಿನಗಳಲ್ಲಿ ಕಲ್ಲುಗಳನ್ನೆಲ್ಲ ನೆಟ್ಟು ಮುಗಿಸಿದೆವು. ಕೆಲವು ವರ್ಷಗಳ ನಂತರ ಭೂಮಾಪಕರು ಟಿಪ್ಪಣಿ (ಸರ್ವೆ ನಂಬರಿನ ಮೂಲ ಅಳತೆ ಬರೆದ ಹಳೆಯ ದಾಖಲೆ) ಹಿಡಿದು ಅದೇ ರಸ್ತೆಯನ್ನು ಅಳೆದಾಗ, ಒಂದು ಬದಿಯ ಕಲ್ಲುಗಳು ರೈತರ ಹೊಲದೊಳಗೆ ಸುಮಾರು ಎರಡು ಮೀಟರ್ ನುಗ್ಗಿದ್ದವು. ಎದುರು ಬದಿಯಲ್ಲಿ ಅಷ್ಟೇ ಅಗಲದ ರಸ್ತೆ ಜಾಗ ಬದುವಿನ ಒಳಗೆ ಸೇರಿಹೋಗಿತ್ತು. ಡಾಂಬರು ಹಾಕಿದವರು ಹಳೆಯ ಬಂಡಿದಾರಿಯ ತಗ್ಗು ತಪ್ಪಿಸಲು ಒಂದು ಪಕ್ಕಕ್ಕೆ ಸರಿದಿದ್ದರು. ನಾವು ಆ ಸರಿದ ಡಾಂಬರನ್ನೇ ರಸ್ತೆಯ ನಡುಗೆರೆ ಎಂದು ನಂಬಿದ್ದೆವು. ಎದುರುಬದುರಿನ ಎರಡು ಮನೆತನಗಳು ಆ ಹೊತ್ತಿಗೆ ಮಾತು ಬಿಟ್ಟಿದ್ದವು.

ಕಲ್ಲು ಗಟ್ಟಿಯಾಗಿತ್ತು, ಬಣ್ಣ ಚೆನ್ನಾಗಿತ್ತು, ಸಾಲು ನೇರವಾಗಿತ್ತು. ತಪ್ಪಿದ್ದು ಅದು ನಿಂತ ಜಾಗ ಮಾತ್ರ. ಗಡಿ ಕಲ್ಲಿನ ಕೆಲಸದಲ್ಲಿ ಮುಕ್ಕಾಲು ಪಾಲು ಗುಂಡಿ ತೋಡುವ ಮುನ್ನವೇ ಮುಗಿದಿರಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಆದ್ದರಿಂದ ಈ ಬರಹದಲ್ಲಿಯೂ ಮುಕ್ಕಾಲು ಪಾಲು ದಾಖಲೆ ಮತ್ತು ಅಳತೆಗೇ ಹೋಗುತ್ತದೆ. ಗ್ರಾಮ ಪಂಚಾಯಿತಿ ಸದಸ್ಯರು, ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಎಂಜಿನಿಯರುಗಳು, ಸಣ್ಣ ಗುತ್ತಿಗೆದಾರರು ಮತ್ತು ರಸ್ತೆಗೆ ಅಂಟಿದ ಜಮೀನಿರುವ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಯಾವ ಕಲ್ಲು ಯಾವುದು ಎಂದು ತಿಳಿಯಿರಿ

ರಸ್ತೆ ಬದಿಯಲ್ಲಿ ಕನಿಷ್ಠ ನಾಲ್ಕು ಬಗೆಯ ಕಲ್ಲುಗಳಿರುತ್ತವೆ. ಇವುಗಳನ್ನು ಒಂದರೊಡನೆ ಒಂದು ಬೆರೆಸಿಕೊಂಡು ಹುಟ್ಟಿದ ಜಗಳಗಳು ಕಡಿಮೆಯಲ್ಲ.

ದೂರ ತೋರಿಸುವುದು ಕಿಲೋಮೀಟರ್ ಕಲ್ಲು. ಇದರ ನಮೂನೆಯನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ತನ್ನ ಐಆರ್‌ಸಿ:8-1980 ಸಂಹಿತೆಯಲ್ಲಿ ಕೊಟ್ಟಿದೆ. ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಿದ್ದರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಂಥ ಗ್ರಾಮೀಣ ರಸ್ತೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಗಿಡ್ಡ ಕಲ್ಲುಗಳು ಇನ್ನೂರು ಮೀಟರ್ ಕಲ್ಲುಗಳು. ಅವುಗಳ ನಮೂನೆ ಐಆರ್‌ಸಿ:26-1967ರಲ್ಲಿದೆ. ತಿರುವಿನಲ್ಲಿ, ಎತ್ತರದ ಏರಿಯ ಮೇಲೆ, ಮೋರಿಯ ಬಳಿ ನಿಲ್ಲುವ ಕಪ್ಪು-ಬಿಳಿ ಪಟ್ಟಿಯ ಕಂಬಗಳು ದಾರಿ ತೋರುವ ಕಂಬಗಳು. ಇವುಗಳಿಗೆ ಐಆರ್‌ಸಿ:79 ಅನ್ವಯಿಸುತ್ತದೆ. ರಾತ್ರಿ ವಾಹನದ ದೀಪಕ್ಕೆ ಹೊಳೆದು, ರಸ್ತೆ ಎಲ್ಲಿ ತಿರುಗುತ್ತದೆ ಎಂದು ಚಾಲಕನಿಗೆ ಹೇಳುವುದು ಇವುಗಳ ಕೆಲಸ. ತಿರುವು ಬಿಗಿಯಾದಷ್ಟೂ ಇವು ಹತ್ತಿರ ಹತ್ತಿರ ನಿಲ್ಲುತ್ತವೆ. ಈ ಮೂರೂ ಬಗೆಯವು ಜಮೀನಿನ ಹಕ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವು ನಿಲ್ಲುವುದು ರಸ್ತೆ ಜಾಗದ ಒಳಗೆ, ಡಾಂಬರಿನ ಪಕ್ಕದ ಮಣ್ಣಿನ ಅಂಚಿನಲ್ಲಿ. ಕಪ್ಪು-ಬಿಳಿ ಕಂಬದ ತನಕ ಮಾತ್ರ ಸರ್ಕಾರದ ಜಾಗ, ಅದರಾಚೆ ತನ್ನದು ಎಂದು ಬೇಲಿ ಹಾಕಿದವರನ್ನು ನಾನು ಹಲವು ಕಡೆ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ನಿಜವಾಗಿಯೂ ಹಾಗೆಂದು ನಂಬಿದ್ದರು.

ನಾಲ್ಕನೆಯದು ಗಡಿ ಕಲ್ಲು. ರಸ್ತೆಗೆ ಸೇರಿದ ಜಮೀನು ಮುಗಿದು ಪಕ್ಕದವರ ಜಮೀನು ಶುರುವಾಗುವ ಗೆರೆಯ ಮೇಲೆ ಇದು ನಿಲ್ಲುತ್ತದೆ. ಇದರ ಮಾದರಿ ವಿನ್ಯಾಸ ಐಆರ್‌ಸಿ:25-1967ರಲ್ಲಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ ಪುಸ್ತಕದಲ್ಲಿ ಗಡಿ ಕಲ್ಲಿಗೆ 806ನೇ ವಿಭಾಗವಿದೆ. ಟೆಂಡರಿನಲ್ಲಿ ಈ ಎರಡು ಸಂಖ್ಯೆಗಳು ಕಂಡರೆ ಮಾತು ಗಡಿ ಕಲ್ಲಿನದೇ ಎಂದು ತಿಳಿಯಿರಿ.

ನಮ್ಮ ಕಡೆ ಹೊಲದ ಮೂಲೆಯ ಕಲ್ಲಿಗೆ ಬಾಂದು ಕಲ್ಲು ಎನ್ನುತ್ತಾರೆ. ಅದು ಸರ್ವೆ ಇಲಾಖೆಯದು. ರಸ್ತೆಯ ಗಡಿ ಕಲ್ಲು ರಸ್ತೆಯನ್ನು ನೋಡಿಕೊಳ್ಳುವ ಇಲಾಖೆಯದು. ಎರಡೂ ಒಂದೇ ಬಿಂದುವಿನಲ್ಲಿ ಕೂಡುವುದುಂಟು. ಹಾಗೆ ಕೂಡಿದಲ್ಲಿ ಬಾಂದು ಕಲ್ಲನ್ನು ಕಿತ್ತು ರಸ್ತೆ ಕಲ್ಲು ನೆಡುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬೇಡಿ. ರಸ್ತೆ ಕಲ್ಲನ್ನು ಅದರ ಪಕ್ಕದಲ್ಲಿ, ರಸ್ತೆ ಜಾಗದ ಒಳಗೆ ನೆಟ್ಟು, ಎರಡರ ನಡುವಿನ ಅಂತರವನ್ನು ಬರೆದಿಡಿ.

ಅಗಲ ಎಷ್ಟು ಎಂಬುದನ್ನು ಕಾಗದದಿಂದ ತೆಗೆಯಿರಿ

ರಸ್ತೆಯ ಅಗಲ ಎಷ್ಟಿರಬೇಕು ಎಂದು ಐಆರ್‌ಸಿ:73-1980 ಹೇಳುತ್ತದೆ. ಬಯಲು ಪ್ರದೇಶದಲ್ಲಿ, ಊರ ಹೊರಗೆ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗೆ ಸಾಮಾನ್ಯವಾಗಿ 45 ಮೀಟರ್, ಜಿಲ್ಲಾ ಮುಖ್ಯ ರಸ್ತೆಗೆ 25, ಇತರ ಜಿಲ್ಲಾ ರಸ್ತೆಗೆ 15, ಹಳ್ಳಿ ರಸ್ತೆಗೆ 12 ಮೀಟರ್ ಭೂಮಿ. ಈ ಅಂಕಿಗಳು ಹೊಸ ರಸ್ತೆಯನ್ನು ಯೋಜಿಸುವವರಿಗಾಗಿ ಇವೆ. ನಿಮ್ಮ ಊರಿನ ಹಳೆಯ ರಸ್ತೆಗೆ ನಿಜವಾಗಿ ಎಷ್ಟು ಜಾಗವಿದೆ ಎಂಬುದನ್ನು ಈ ಪಟ್ಟಿಯಿಂದ ತೀರ್ಮಾನಿಸಿ ಕಲ್ಲು ನೆಟ್ಟರೆ, ಬೇರೆಯವರ ಜಮೀನಿನಲ್ಲಿ ಕಲ್ಲು ನೆಟ್ಟಂತಾಗುತ್ತದೆ. ನಿಜವಾದ ಅಗಲ ಸಿಗುವುದು ಎರಡೇ ಕಡೆ: ಸರ್ವೆ ದಾಖಲೆಯಲ್ಲಿ ಅಥವಾ ಭೂಸ್ವಾಧೀನದ ಕಡತದಲ್ಲಿ.

ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ, ಅಂದರೆ ಎಲ್ಲರೂ ಎಡಿಎಲ್‌ಆರ್ ಕಚೇರಿ ಎನ್ನುವ ಕಡೆಯಿಂದ, ಗ್ರಾಮ ನಕ್ಷೆಯ ನಕಲು, ರಸ್ತೆಯ ಎರಡೂ ಬದಿಯ ಪ್ರತಿ ಸರ್ವೆ ನಂಬರಿನ ಟಿಪ್ಪಣಿ, ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮತ್ತು ಪೋಡಿಯಾಗಿದ್ದರೆ, ಅಂದರೆ ಸರ್ವೆ ನಂಬರು ಭಾಗವಾಗಿದ್ದರೆ, ಆ ಭಾಗಗಳ ಹಿಸ್ಸಾ ನಕ್ಷೆ ತೆಗೆದುಕೊಳ್ಳಿ. ಪಹಣಿಯಲ್ಲಿ ಖರಾಬು ಕಲಮನ್ನು ಗಮನವಿಟ್ಟು ನೋಡಿ. ‘ಅ’ ಖರಾಬು ಎಂದರೆ ಬಂಡೆ, ಕಣ ಮುಂತಾಗಿ ಬೇಸಾಯಕ್ಕೆ ಒದಗದ ಜಾಗ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಸರ್ವೆ ನಂಬರಿನ ಒಳಗೇ ಹಾದುಹೋದ ಹಳೆಯ ದಾರಿ ಈ ‘ಬ’ ಖರಾಬಿನಲ್ಲಿ ಗುಂಟೆ ಲೆಕ್ಕದಲ್ಲಿ ಕುಳಿತಿರುತ್ತದೆ. ರೈತರು ‘ಖರಾಬು ನಮ್ಮ ಪಹಣಿಯಲ್ಲೇ ಇದೆಯಲ್ಲ’ ಎಂದು ಕೇಳುವುದು ಸಹಜ. ಪಹಣಿಯಲ್ಲಿ ನಮೂದಾಗಿರುವುದರಿಂದ ‘ಬ’ ಖರಾಬು ಖಾತೆದಾರರ ಸ್ವತ್ತಾಗುವುದಿಲ್ಲ ಎಂಬುದನ್ನು ಅಳತೆಯ ದಿನಕ್ಕಿಂತ ಮುಂಚೆಯೇ, ಮನೆಗೆ ಹೋಗಿ ಕುಳಿತು, ಸಮಾಧಾನದಿಂದ ತಿಳಿಸಿ. ಹೊಲದಲ್ಲಿ ಹತ್ತು ಜನರ ಮುಂದೆ ಹೇಳಿದರೆ ಆ ಮಾತು ಅವಮಾನದಂತೆ ಕೇಳಿಸುತ್ತದೆ.

ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಎಲ್ಲೆಯ ವಿವರದಲ್ಲಿ) ‘ಪೂರ್ವಕ್ಕೆ ರಸ್ತೆ’ ಎಂದಷ್ಟೇ ಇರುತ್ತದೆ. ರಸ್ತೆ ಇದೆ ಎನ್ನುವುದಕ್ಕೆ ಅದು ಸಾಕ್ಷಿಯಾದೀತು. ಎಷ್ಟು ಅಗಲ ಎನ್ನುವುದು ಅದರಿಂದ ತಿಳಿಯುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಗಾಗಿ ಭೂಮಿ ಪಡೆದಿದ್ದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಡಿ ಅಧಿಸೂಚನೆ ಮತ್ತು ಅದಕ್ಕೆ ತಕ್ಕ ಜಂಟಿ ಅಳತೆಯ ನಕ್ಷೆಯೇ ಆಧಾರ. 3ಎ ಅಧಿಸೂಚನೆ ಉದ್ದೇಶವನ್ನು ಹೇಳುತ್ತದೆ, ಭೂಮಿ ಕೇಂದ್ರ ಸರ್ಕಾರಕ್ಕೆ ಸೇರುವುದು 3ಡಿ ಪ್ರಕಟವಾದ ಮೇಲೆ. 3ಎ ಹಿಡಿದುಕೊಂಡು ಗಡಿ ಕಲ್ಲು ನೆಡುವುದು ಅವಸರದ ಕೆಲಸ.

ಸರಪಳಿ–ಆಣೆಯ ಲೆಕ್ಕ

ಹಳೆಯ ಟಿಪ್ಪಣಿ ನೋಡಿ ಹೊಸ ಎಂಜಿನಿಯರುಗಳು ಎಡವುವುದು ಇಲ್ಲಿ. ಅದರಲ್ಲಿ ಮೀಟರು ಇಲ್ಲ, ಅಡಿಯೂ ಇಲ್ಲ. ಸರಪಳಿ ಮತ್ತು ಆಣೆ ಇವೆ. ಒಂದು ಸರಪಳಿ ಎಂದರೆ 33 ಅಡಿ. ಅದನ್ನು ರೂಪಾಯಿಯಂತೆಯೇ ಹದಿನಾರು ಆಣೆಯಾಗಿ ಭಾಗ ಮಾಡಿದ್ದಾರೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ. ಎಷ್ಟು ಜಾಣತನದ ಅಳತೆ ಇದು! ಸರಪಳಿ ಎಳೆದವನು ಕಾಗದವಿಲ್ಲದೆ ಬಾಯಿಲೆಕ್ಕದಲ್ಲೇ ಗುಂಟೆ ಹೇಳಬಹುದಿತ್ತು.

ಮೀಟರಿಗೆ ತರಲು ಸರಪಳಿಯನ್ನು 10.0584ರಿಂದ, ಆಣೆಯನ್ನು 0.62865ರಿಂದ ಗುಣಿಸಿ. ಟಿಪ್ಪಣಿಯಲ್ಲಿ ರಸ್ತೆಯ ಅಗಲ 1 ಸರಪಳಿ 8 ಆಣೆ ಎಂದಿದೆ ಎನ್ನಿ. ಒಟ್ಟು 24 ಆಣೆ. 24ನ್ನು 0.62865ರಿಂದ ಗುಣಿಸಿದರೆ 15.09 ಮೀಟರ್, ಅಡಿಯಲ್ಲಿ ನಲವತ್ತೊಂಬತ್ತೂವರೆ. ‘ಒಂದು ಸರಪಳಿ ಎಂಟು ಆಣೆ’ಯನ್ನು 1.8 ಸರಪಳಿ ಎಂದು ಓದಿಕೊಂಡು 18 ಮೀಟರ್ ಅಳೆದವರನ್ನು ಕಂಡಿದ್ದೇನೆ. ಅಲ್ಲಿ ಕಲ್ಲುಗಳು ಮೂರು ಮೀಟರ್ ಹೆಚ್ಚು ಜಾಗ ತಿಂದಿದ್ದವು. ಎಲ್ಲ ಸರ್ವೆ ನಂಬರುಗಳ ಅಳತೆಯನ್ನು ಒಂದೇ ಹಾಳೆಯಲ್ಲಿ ಆಣೆ, ಅಡಿ, ಮೀಟರ್ ಎಂಬ ಮೂರು ಕಲಮುಗಳಲ್ಲಿ ಬರೆದು, ಇನ್ನೊಬ್ಬರ ಕೈಯಲ್ಲಿ ಗುಣಾಕಾರ ಮಾಡಿಸಿ ತಾಳೆ ನೋಡಿದ ಮೇಲೆಯೇ ಹೊಲಕ್ಕೆ ಇಳಿಯಿರಿ.

ನೋಟಿಸು ಮತ್ತು ಅಳತೆಯ ದಿನ

ರೈತರು ತಮ್ಮ ಜಮೀನಿನ ಗಡಿ ಗುರುತಿಸಿಕೊಳ್ಳಲು ನಾಡಕಚೇರಿಯ ಮೂಲಕ ಹದ್ದುಬಸ್ತಿಗೆ ಅರ್ಜಿ ಕೊಡಬಹುದು. ಅರ್ಜಿ ಸರ್ವೆ ಇಲಾಖೆಯ ಮೋಜಿಣಿ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲಾಗಿ ಭೂಮಾಪಕರಿಗೆ ಹೋಗುತ್ತದೆ. ಇಡೀ ರಸ್ತೆಯ ಅಳತೆ ಬೇಕಾದಾಗ ರಸ್ತೆಯ ಇಲಾಖೆಯೋ ಪಂಚಾಯಿತಿಯೋ ತಹಶೀಲ್ದಾರರಿಗೆ ಮತ್ತು ಎಡಿಎಲ್‌ಆರ್‌ಗೆ ಪತ್ರ ಬರೆದು ಜಂಟಿ ಅಳತೆ ಕೇಳಬೇಕು. ಎರಡೂ ಬದಿಯ ಪ್ರತಿಯೊಬ್ಬ ಖಾತೆದಾರರಿಗೂ ನೋಟಿಸು ತಲುಪಿ, ಅದರ ಸಹಿ ಕಡತದಲ್ಲಿರಬೇಕು. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಅಣ್ಣತಮ್ಮಂದಿರ ಹೆಸರು ಜಂಟಿ ಖಾತೆಯಲ್ಲಿದ್ದರೆ ಅವರಿಗೂ ತಿಳಿಸಿ. ಆಮೇಲೆ ತಕರಾರು ಬರುವುದು ಸಾಮಾನ್ಯವಾಗಿ ಆ ದಿನ ಊರಲ್ಲಿ ಇಲ್ಲದವರಿಂದ.

ಅಳತೆಗೆ ಒಳ್ಳೆಯ ಕಾಲ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ, ಮುಂಗಾರಿಗೆ ಮುನ್ನ. ಬೆಳೆ ನಿಂತಿರುವಾಗ ಬದು ಕಾಣುವುದಿಲ್ಲ, ಹಳೆಯ ಕಲ್ಲೂ ಕಾಣುವುದಿಲ್ಲ. ಬೆಳೆ ತುಳಿಸಿಕೊಂಡವರಿಗೆ ಅಳತೆಯ ಮೇಲೆ ವಿಶ್ವಾಸವೂ ಉಳಿಯುವುದಿಲ್ಲ.

ಮೊದಲು ಮಾಡಬೇಕಾದದ್ದು ಹಳೆಯ ಬಾಂದು ಕಲ್ಲುಗಳನ್ನು ಹುಡುಕುವುದು. ಭೂಮಾಪಕರ ಜೊತೆ ಬರುವ ಸಹಾಯಕರಾದ ಬಾಂದು ಜವಾನರಿಗೆ ಈ ಕಣ್ಣಿರುತ್ತದೆ. ಕತ್ತಾಳೆ ಮೆಳೆಯ ಬುಡ, ಬದು ಕೂಡುವ ಮೂಲೆ, ಹಳೆಯ ಬೇವಿನ ಮರದ ಪಕ್ಕ ಅವರು ಹಾರೆಯಿಂದ ಚುಚ್ಚಿ ನೋಡುವ ರೀತಿಯನ್ನು ನಿಂತು ಗಮನಿಸಿ. ಊರಿನ ಹಿರಿಯರನ್ನು ಕರೆದುಕೊಳ್ಳಿ. ‘ನಮ್ಮಪ್ಪ ಇದರ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು’ ಎಂದು ಒಬ್ಬ ಅಜ್ಜ ತೋರಿಸಿದ ಜಾಗದಲ್ಲಿ ಒಂದೂವರೆ ಅಡಿ ಕೆಳಗೆ ಕಲ್ಲು ಸಿಕ್ಕಿದ್ದನ್ನು ನಾನು ಮರೆಯಲಾರೆ. ಹಾಗೆ ಸಿಕ್ಕ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಅಳೆದು, ಟಿಪ್ಪಣಿಯ ಅಳತೆಯೊಡನೆ ತಾಳೆಯಾಗುತ್ತದೆಯೇ ನೋಡಿ. ಕನಿಷ್ಠ ಮೂರು ಹಳೆಯ ಬಿಂದುಗಳು ಪರಸ್ಪರ ಹೊಂದಿಕೆಯಾದ ಮೇಲೆ ಮಾತ್ರ ಅವುಗಳನ್ನು ಆಧಾರವಾಗಿ ಹಿಡಿಯಿರಿ. ಎರಡೇ ಬಿಂದು ಹಿಡಿದರೆ, ಅದರಲ್ಲಿ ಒಂದು ಯಾರೋ ಸರಿಸಿದ ಕಲ್ಲಾಗಿದ್ದರೂ ಗೊತ್ತಾಗುವುದಿಲ್ಲ.

ದಿಶಾಂಕ್ ಆ್ಯಪ್ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಬಹಳ ಅನುಕೂಲ. ಗಡಿ ಗುರುತಿಸಲು ಅದನ್ನು ಬಳಸಬೇಡಿ. ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ, ನಿಮ್ಮ ರಸ್ತೆಯ ಅಗಲವೇ ಹದಿನೈದು ಮೀಟರ್. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಯಂತ್ರ) ಅಥವಾ ರೋವರ್ (ಉಪಗ್ರಹದ ಸಹಾಯದಿಂದ ನಿಖರವಾಗಿ ಜಾಗ ಹಿಡಿಯುವ ಉಪಕರಣ) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಉಕ್ಕಿನ ಟೇಪಿನಿಂದ ಪ್ರಾಮಾಣಿಕವಾಗಿ ಅಳೆದ ಗಡಿ ನಿಲ್ಲುತ್ತದೆ.

ಟೇಪಿನಲ್ಲಿ ಅಳೆಯುವಾಗ ಎರಡು ಮಾತು. ಲಂಬ ತೆಗೆಯಲು 3-4-5ರ ಲೆಕ್ಕ ಸಾಕು, ಆದರೆ ರಸ್ತೆಯ ಅಗಲಕ್ಕೆ ಮೂರು ಮೀಟರ್ ತ್ರಿಕೋನ ಚಿಕ್ಕದಾಗುತ್ತದೆ. 6, 8, 10 ಮೀಟರ್ ಬಾಹುಗಳ ತ್ರಿಕೋನ ಹಾಕಿ. ಎರಡನೆಯದು ಇಳಿಜಾರು. ಮಲೆನಾಡಿನಲ್ಲಿ ನೆಲಕ್ಕೆ ಟೇಪು ಹಾಸಿ ಅಳೆದರೆ ಅಳತೆ ಸುಳ್ಳಾಗುತ್ತದೆ, ಏಕೆಂದರೆ ನಕ್ಷೆಯ ಅಳತೆಯೆಲ್ಲ ಮಟ್ಟದ ಅಳತೆ. ಐದು ಮೀಟರಿಗೆ ಒಂದು ಮೀಟರ್ ಇಳಿಯುವ ಜಾಗದಲ್ಲಿ ನೆಲದ ಮೇಲೆ 20 ಮೀಟರ್ ಅಳೆದರೆ ಮಟ್ಟದ ಅಳತೆ 19.61 ಮೀಟರ್ ಮಾತ್ರ. ಟೇಪನ್ನು ಮಟ್ಟವಾಗಿ ಎಳೆದು, ತುದಿಯಿಂದ ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ.

ಕಲ್ಲುಗಳ ಅಂತರ, ಮತ್ತು ತಿರುವಿನ ಅಪಾಯ

ನೇರ ರಸ್ತೆಯಲ್ಲಿ ಎರಡೂ ಬದಿಗೆ 200 ಮೀಟರಿಗೆ ಒಂದರಂತೆ ಗಡಿ ಕಲ್ಲು ನೆಡುವುದು ಹೆದ್ದಾರಿ ಕೆಲಸಗಳಲ್ಲಿ ರೂಢಿ. ಎರಡು ಬದಿಯ ಕಲ್ಲುಗಳು ಎದುರುಬದುರಾಗಿ, ರಸ್ತೆಯ ನಡುಗೆರೆಗೆ ಲಂಬವಾಗಿ ಬರಲಿ. ಹಾಗಿದ್ದರೆ ಒಂದು ಕಳೆದರೂ ಎದುರಿನ ಕಲ್ಲಿನಿಂದ ಅದರ ಜಾಗವನ್ನು ಮತ್ತೆ ಹಿಡಿಯಬಹುದು. ಒಂದು ಕಲ್ಲಿನ ಬಳಿ ನಿಂತರೆ ಮುಂದಿನದು ಕಾಣಬೇಕು. ನಡುವೆ ದಿಬ್ಬವಿದ್ದರೆ, ಊರಿನ ಮನೆಗಳಿದ್ದರೆ ಇನ್ನೊಂದು ಕಲ್ಲು ಸೇರಿಸಿ. ಗ್ರಾಮದ ಗಡಿ ದಾಟುವಲ್ಲಿ, ರಸ್ತೆಯ ಅಗಲ ಬದಲಾಗುವಲ್ಲಿ, ಅಡ್ಡದಾರಿ ಸೇರುವ ಮೂಲೆಗಳಲ್ಲಿ ಅಂತರ ಲೆಕ್ಕಿಸದೆ ಕಲ್ಲು ಹಾಕಿ.

ತಿರುವಿನಲ್ಲಿ ಮಾತ್ರ 200 ಮೀಟರಿನ ರೂಢಿಯನ್ನು ಕಣ್ಣು ಮುಚ್ಚಿ ಅನುಸರಿಸಬಾರದು. ಎರಡು ಕಲ್ಲುಗಳ ನಡುವಿನ ಗಡಿಯನ್ನು ಜನ ದಾರ ಕಟ್ಟಿ ನೋಡುತ್ತಾರೆ, ದಾರ ನೇರ, ಗಡಿ ಬಾಗಿದ್ದು. ಈ ಎರಡರ ನಡುವೆ ಉಳಿಯುವ ಬಾಗು ಎಷ್ಟೆಂದು ತಿಳಿಯಲು, ಕಲ್ಲುಗಳ ಅಂತರವನ್ನು ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ತ್ರಿಜ್ಯ 300 ಮೀಟರ್ ಇರುವ ಸಾಧಾರಣ ತಿರುವನ್ನೇ ತೆಗೆದುಕೊಳ್ಳಿ. 200 ಮೀಟರಿಗೆ ಒಂದು ಕಲ್ಲು ಹಾಕಿದರೆ ಬಾಗು ಸುಮಾರು 17 ಮೀಟರ್. ಹಳ್ಳಿ ರಸ್ತೆಯೊಂದು ಪೂರ್ತಿ ಆ ಬಾಗಿನಲ್ಲಿ ಮಾಯವಾಗುತ್ತದೆ! 40 ಮೀಟರಿಗೆ ಒಂದು ಹಾಕಿದರೆ 67 ಸೆಂಟಿಮೀಟರ್. 20 ಮೀಟರಿಗೆ ಒಂದಾದರೆ 17 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣಿನೊಳಗೆ. ತಿರುವು ಶುರುವಾಗುವ ಮತ್ತು ಮುಗಿಯುವ ಬಿಂದುಗಳಲ್ಲಿ ಕಡ್ಡಾಯವಾಗಿ ಕಲ್ಲು ಹಾಕಿ, ನಡುವೆ ಬಾಗು ಒಂದು ಗೇಣು ಮೀರದಂತೆ ಅಂತರ ಆರಿಸಿಕೊಳ್ಳಿ. ಅಂದಾಜುಪಟ್ಟಿಯಲ್ಲಿ ಕಲ್ಲುಗಳ ಸಂಖ್ಯೆ ಹೆಚ್ಚಾಗುತ್ತದೆ ಎಂದು ಮೇಲಿನವರು ಕೇಳಿದರೆ ಈ ಲೆಕ್ಕವನ್ನೇ ಬರೆದು ಲಗತ್ತಿಸಿ.

ಕಲ್ಲು ಎಂಥದಾಗಿರಬೇಕು

ಟೆಂಡರುಗಳಲ್ಲಿ ಹೆಚ್ಚಾಗಿ ಬರುವುದು ಎಂ15 ದರ್ಜೆಯ ಕಾಂಕ್ರೀಟಿನಲ್ಲಿ, ಒಳಗೆ ಕಬ್ಬಿಣ ಹಾಕಿ, ಐಆರ್‌ಸಿ:25ರ ವಿನ್ಯಾಸದಂತೆ ಎರಕ ಹೊಯ್ದ ಕಂಬ. ಸಣ್ಣ ಕೆಲಸಗಳಲ್ಲಿ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಶ್ರಣ ಈ ದರ್ಜೆಗೆ ಸಲ್ಲುತ್ತದೆ. ಹೊಯ್ದ ಮೇಲೆ ನೀರುಣಿಸುವುದನ್ನು ಏಳು ದಿನಕ್ಕಿಂತ ಮೊದಲು ನಿಲ್ಲಿಸಬೇಡಿ. ಪೊಜೊಲಾನಾ ಬಗೆಯ ಸಿಮೆಂಟಾದರೆ ಹತ್ತು ದಿನ. ಬಿಸಿಲಿಗೆ ಒಣಗಿದ ಕಂಬ ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಸುವಾಗಲೇ ಬಿರುಕು ಬಿಡುತ್ತದೆ.

ಗ್ರಾನೈಟ್ ಸಿಗುವ ಜಿಲ್ಲೆಗಳಲ್ಲಿ, ಇಲಾಖೆ ಒಪ್ಪಿದರೆ, ನಾನು ಸೈಜುಗಲ್ಲನ್ನೇ ಆರಿಸುತ್ತೇನೆ. ಕಾಂಕ್ರೀಟು ಕಂಬದೊಳಗಿನ ಕಬ್ಬಿಣಕ್ಕಾಗಿ ಅದನ್ನು ಒಡೆಯುವವರಿದ್ದಾರೆ. ಕಲ್ಲನ್ನು ಒಡೆದು ಯಾರಿಗೂ ಲಾಭವಿಲ್ಲ. ಗಡಿಗೆ ಕಲ್ಲು ನೆಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ದತ್ತಿಭೂಮಿಯ ಎಲ್ಲೆ ಹೇಳುವಾಗ ಶಾಸನಗಳು ದಿಕ್ಕು ದಿಕ್ಕಿಗೂ ‘ನಟ್ಟ ಕಲ್ಲು’ಗಳನ್ನು ಹೆಸರಿಸುತ್ತವೆ. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳು ಶತಮಾನಗಳ ನಂತರವೂ ಹೊಲಗಳಲ್ಲಿ ನಿಂತಿವೆ.

ಅಕ್ಷರಗಳನ್ನು ಕೊರೆಸಿ, ಬರೀ ಬಣ್ಣದಲ್ಲಿ ಬರೆಸಬೇಡಿ. ರಸ್ತೆಗೆ ಮುಖ ಮಾಡಿದ ಬದಿಯಲ್ಲಿ ಇಲಾಖೆಯ ಹೆಸರಿನ ಮೊದಲಕ್ಷರಗಳು, ಕೆಳಗೆ ಕಲ್ಲಿನ ಕ್ರಮಸಂಖ್ಯೆ ಇರಲಿ. ಎಡಬದಿಯ ಕಲ್ಲುಗಳಿಗೆ ‘ಎ’, ಬಲಬದಿಯವಕ್ಕೆ ‘ಬ’ ಸೇರಿಸಿದರೆ ಕಡತದಲ್ಲಿ ಗೊಂದಲವಾಗುವುದಿಲ್ಲ. ತಲೆಯ ಮೇಲೆ ಉಳಿಯಿಂದ ಒಂದು ಕೂಡುಗೆರೆ (+ ಗುರುತು) ಕೊರೆಸಲೇಬೇಕು. ಗಡಿಬಿಂದು ಅದೇ. ಕಲ್ಲಿನ ಒಳಮುಖ ಗಡಿಯೋ ಹೊರಮುಖ ಗಡಿಯೋ ಎಂಬ ವಾದ ಹದಿನೈದು ಸೆಂಟಿಮೀಟರಿನದು ಎನಿಸಬಹುದು, ಆದರೆ 200 ಮೀಟರ್ ಉದ್ದಕ್ಕೆ ಅದು 30 ಚದರ ಮೀಟರ್ ಭೂಮಿ.

ನೆಡುವುದು

ನೆಲದ ಮೇಲೆ ಕಾಣುವಷ್ಟು ಉದ್ದ ನೆಲದ ಕೆಳಗೂ ಇರಲಿ. ಗುಂಡಿ ತೋಡುವ ಮುನ್ನ ಗಡಿಬಿಂದುವಿನ ಎರಡೂ ಕಡೆ, ಒಂದೊಂದು ಮೀಟರ್ ದೂರದಲ್ಲಿ, ಬಿಂದುವಿನ ಮೇಲೆ ಹಾದುಹೋಗುವಂತೆ ಎರಡು ಜೊತೆ ಗೂಟ ಹೊಡೆದು ದಾರ ಕಟ್ಟಿ. ತೋಡಿದಾಗ ಬಿಂದು ಅಳಿದುಹೋದರೂ ಎರಡು ದಾರಗಳು ಕೂಡುವ ಜಾಗ ಉಳಿಯುತ್ತದೆ. ಎಷ್ಟೋ ಕೆಲಸಗಳಲ್ಲಿ ಅಳತೆ ಸರಿಯಿದ್ದೂ ಕಲ್ಲು ತಪ್ಪು ಜಾಗದಲ್ಲಿ ನಿಲ್ಲುವುದು ಈ ನಾಲ್ಕು ಗೂಟಗಳನ್ನು ಹೊಡೆಯದೆ ಗುಂಡಿ ತೋಡಿದ್ದರಿಂದ.

ಗುಂಡಿಯ ತಳದಲ್ಲಿ, ಸರಿಯಾಗಿ ಬಿಂದುವಿನ ಕೆಳಗೆ, ಒಂದು ಬೊಗಸೆ ಇದ್ದಿಲು ಮತ್ತು ಹೆಂಚಿನ ಚೂರು ಹಾಕಿ. ಧರ್ಮಶಾಸ್ತ್ರಗಳ ಕಾಲದಿಂದಲೂ ಬಂದ ಗುಪ್ತ ಗುರುತು ಇದು. ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಮೇಲಿನ ಕಲ್ಲನ್ನು ಕಿತ್ತವರು ಅಷ್ಟು ಆಳಕ್ಕೆ ಹೋಗಿ ಅದನ್ನು ತೆಗೆಯುವುದಿಲ್ಲ.

ವಿಜಯಪುರ, ರಾಯಚೂರು, ಗದಗಿನ ಎರೆಮಣ್ಣಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ತೋಡಿದ ಅದೇ ಮಣ್ಣನ್ನು ಸುತ್ತ ತುಂಬಿದರೆ ಎರಡೇ ಮಳೆಗಾಲದಲ್ಲಿ ಕಲ್ಲು ವಾಲುತ್ತದೆ. ಗುಂಡಿಯನ್ನು ಅಗಲವಾಗಿ, ಇನ್ನೂ ಆಳವಾಗಿ ತೆಗೆದು, ತಳಕ್ಕೆ ಗೊರಚು ಹಾಕಿ ದಮ್ಮಸ್ಸು ಮಾಡಿ, ಕಲ್ಲಿನ ಸುತ್ತ ಕಾಂಕ್ರೀಟು, ಅದರ ಹೊರಗೆ ಮತ್ತೆ ಗೊರಚು ತುಂಬಿ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಕಲ್ಲು ಗಟ್ಟಿಯಾಗಿ ಕೂರುತ್ತದೆ, ಆದರೆ ಒಂದೇ ಮಳೆಗಾಲಕ್ಕೆ ಪಾಚಿ ಕಟ್ಟಿ ಅಕ್ಷರ ಮುಚ್ಚುತ್ತದೆ. ಅಲ್ಲಿ ಕೊರೆದ ಅಕ್ಷರವೇ ಗತಿ. ಘಟ್ಟದ ರಸ್ತೆಯಲ್ಲಿ ಕುಸಿಯುವ ಅಂಚಿನ ಮೇಲೆ ಗಡಿಬಿಂದು ಬಂದರೆ, ಕಲ್ಲನ್ನು ರಸ್ತೆ ಕಡೆಗೆ ಗಟ್ಟಿ ನೆಲಕ್ಕೆ ಸರಿಸಿ ನೆಟ್ಟು, ‘ಗಡಿಗೆ ಇನ್ನೂ ಇಷ್ಟು ಮೀಟರ್’ ಎಂದು ಕಲ್ಲಿನ ಮೇಲೂ ಕಡತದಲ್ಲೂ ನಮೂದಿಸಿ.

ನೆಟ್ಟ ಮೇಲೆ ಕಾಂಕ್ರೀಟು ಹಸಿಯಿರುವಾಗಲೇ ದಾರಗಳನ್ನು ಮತ್ತೆ ಕಟ್ಟಿ, ಕೂಡುಗೆರೆಯ ಮೇಲೆ ತೂಗುಗುಂಡು ಹಿಡಿದು ನೋಡಿ. ಎದುರಿನ ಕಲ್ಲಿಗೆ ಅಗಲ ಅಳೆಯಿರಿ. ಎರಡು ಜೊತೆ ಕಲ್ಲುಗಳಾದ ಮೇಲೆ ಕರ್ಣಗಳನ್ನೂ ಅಳೆಯಿರಿ. ನೇರ ರಸ್ತೆಯಲ್ಲಿ ಅಗಲ ಒಂದೇ ಇದ್ದರೆ ಎರಡು ಕರ್ಣಗಳು ಸಮ ಬರಬೇಕು.

ಸಾಕ್ಷಿ ಅಳತೆ ಮತ್ತು ಮಹಜರು

ನನಗೆ ಈ ಇಡೀ ಕೆಲಸದಲ್ಲಿ ಅತಿ ಮುಖ್ಯವೆನಿಸುವುದು ಇದು, ಕಚೇರಿಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದೂ ಇದೇ. ಪ್ರತಿ ಕಲ್ಲಿನ ಕೂಡುಗೆರೆಯಿಂದ ಸುಲಭವಾಗಿ ಅಲುಗದ ಮೂರು ವಸ್ತುಗಳಿಗೆ ಅಳತೆ ತೆಗೆದು ಬರೆಯಿರಿ. ಮೋರಿಯ ಗೋಡೆಯ ಮೂಲೆ, ಕಲ್ಲು ಕಟ್ಟಿದ ಬಾವಿಯ ಅಂಚು, ಗುಡಿಯ ಜಗಲಿಯ ಮೂಲೆ, ಶಾಲೆಯ ಕಟ್ಟಡ ಇಂಥವು. ವಿದ್ಯುತ್ ಕಂಬ ಬೇಡ, ರಸ್ತೆ ಅಗಲವಾದಾಗ ಮೊದಲು ಸರಿಯುವುದೇ ಅದು. ಮರವನ್ನು ಬೇರೇನೂ ಇಲ್ಲದಾಗ ಮಾತ್ರ ಹಿಡಿಯಿರಿ. ಮೂರು ಅಳತೆಗಳೂ ಒಂದೇ ದಿಕ್ಕಿನಲ್ಲಿ ಇರಬಾರದು, ಸುತ್ತಲೂ ಹರಡಿರಬೇಕು. ರೋವರಿನಿಂದ ಅಕ್ಷಾಂಶ–ರೇಖಾಂಶ ತೆಗೆದಿದ್ದರೆ ದಶಮಾಂಶದ ನಂತರ ಏಳು ಅಂಕಿಗಳನ್ನು ಬರೆಯಿರಿ. ಐದನೆಯ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ ನೆಲದ ಮೇಲೆ ಸುಮಾರು ಒಂದು ಮೀಟರ್ ವ್ಯತ್ಯಾಸ.

ಮಹಜರನ್ನು, ಅಂದರೆ ಸಾಕ್ಷಿಗಳ ಎದುರು ಬರೆದು ಸಹಿ ಹಾಕಿಸುವ ಸ್ಥಳ ವರದಿಯನ್ನು, ಅದೇ ದಿನ, ಅದೇ ಜಾಗದಲ್ಲಿ ಬರೆಯಿರಿ. ಯಾವ ದಾಖಲೆಯಿಂದ ಅಗಲ ತೆಗೆದಿರಿ, ಯಾವ ಹಳೆಯ ಕಲ್ಲುಗಳನ್ನು ಆಧಾರವಾಗಿ ಹಿಡಿದಿರಿ, ಪ್ರತಿ ಕಲ್ಲಿನ ಸಂಖ್ಯೆ ಮತ್ತು ಸಾಕ್ಷಿ ಅಳತೆ ಎಷ್ಟು, ಯಾರು ಯಾರು ಹಾಜರಿದ್ದರು ಎಂಬುದೆಲ್ಲ ಅದರಲ್ಲಿರಬೇಕು. ಯಾರಾದರೂ ಸಹಿ ಹಾಕಲು ಒಪ್ಪದಿದ್ದರೆ ಒತ್ತಾಯಿಸಬೇಡಿ, ಅವರ ತಕರಾರನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಕರಾರು ದಾಖಲಾದ ಮಹಜರಿಗೆ, ಎಲ್ಲರೂ ಒಪ್ಪಿದರು ಎಂದು ಬರೆದ ಮಹಜರಿಗಿಂತ ಹೆಚ್ಚು ತೂಕವಿರುತ್ತದೆ. ಪ್ರತಿಗಳು ರಸ್ತೆಯ ಇಲಾಖೆ, ಎಡಿಎಲ್‌ಆರ್ ಕಚೇರಿ, ಗ್ರಾಮ ಪಂಚಾಯಿತಿ ಮೂರು ಕಡೆಯೂ ಇರಲಿ. ಕಲ್ಲಿನ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ.

ಮನೆ ಕಟ್ಟುವವರಿಗೆ ಒಂದು ಮಾತು

ಗಡಿ ಕಲ್ಲಿನ ಆಚೆ ನಿಮ್ಮ ಜಮೀನು ನಿಜ, ಆದರೆ ಕಲ್ಲಿಗೆ ಅಂಟಿಸಿ ಗೋಡೆ ಎಬ್ಬಿಸಲು ಬರುವುದಿಲ್ಲ. ಕಟ್ಟಡ ರೇಖೆ ಎಂಬುದು ಬೇರೆಯೇ ಇದೆ. ಐಆರ್‌ಸಿ:73ರ ಪ್ರಕಾರ ಬಯಲು ಪ್ರದೇಶದ ಹೆದ್ದಾರಿಗೆ ಎರಡು ಬದಿಯ ಕಟ್ಟಡ ರೇಖೆಗಳ ನಡುವೆ 80 ಮೀಟರ್, ಅಂದರೆ ನಡುಗೆರೆಯಿಂದ 40 ಮೀಟರ್ ಇರಬೇಕು. ಜಿಲ್ಲಾ ಮುಖ್ಯ ರಸ್ತೆಗೆ ಒಟ್ಟು 50 ಮೀಟರ್. ನಿವೇಶನ ಕೊಳ್ಳುವ ಮುನ್ನ ಈ ಅಂತರವನ್ನು ಕೇಳಿ ತಿಳಿದುಕೊಳ್ಳಿ.

ಕಲ್ಲು ಕಳೆದಾಗ, ರಸ್ತೆ ಅಗಲವಾಗುವಾಗ

ಸಾರ್ವಜನಿಕ ಅಧಿಕಾರಿಯ ಆದೇಶದಂತೆ ನೆಟ್ಟ ಗಡಿ ಗುರುತನ್ನು ನಾಶಮಾಡುವುದು ಅಥವಾ ಸರಿಸುವುದು ಅಪರಾಧ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇದು 434ನೇ ಕಲಮಿನಲ್ಲಿತ್ತು, ಒಂದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 326ನೇ ಕಲಮಿನೊಳಗೆ ಸೇರಿದೆ. ಆದರೆ ಕಲ್ಲು ಬೀಳುವುದು ಪ್ರತಿ ಬಾರಿಯೂ ದುರುದ್ದೇಶದಿಂದಲ್ಲ. ಕೇಬಲ್ ಹಾಕಲು ಬಂದ ಜೆಸಿಬಿ, ಕತ್ತಲಲ್ಲಿ ತಿರುಗಿದ ಕಬ್ಬಿನ ಟ್ರ್ಯಾಕ್ಟರು, ಕೊಚ್ಚಿಹೋದ ಬದು, ಎಲ್ಲವೂ ಕಾರಣವಾಗುತ್ತವೆ. ದೂರು ಬರೆಯುವ ಮುನ್ನ ಏನಾಯಿತೆಂದು ಕೇಳಿ.

ಬಿದ್ದ ಕಲ್ಲನ್ನು ಅಂದಾಜಿನಲ್ಲಿ ಎತ್ತಿ ನಿಲ್ಲಿಸುವ ಕೆಲಸವನ್ನು ರೈತರೂ ಮಾಡಬಾರದು, ಗ್ಯಾಂಗ್‌ಮನ್‌ಗಳೂ ಮಾಡಬಾರದು. ಮಹಜರಿನ ಪ್ರತಿ ತಂದು, ಮೂರು ಸಾಕ್ಷಿ ಅಳತೆಗಳಿಂದ ಬಿಂದು ಹಿಡಿದು, ತಳದ ಇದ್ದಿಲು ಸಿಕ್ಕಿತೇ ನೋಡಿ, ಅಕ್ಕಪಕ್ಕದವರ ಎದುರಿನಲ್ಲಿ ನೆಟ್ಟು, ಮತ್ತೆ ಒಂದು ಸಾಲಿನ ಟಿಪ್ಪಣಿ ಬರೆದಿಡಿ.

ವರ್ಷಕ್ಕೊಮ್ಮೆ, ಹಿಂಗಾರು ಮಳೆ ನಿಂತು ಹುಲ್ಲು ಒಣಗಿದ ಮೇಲೆ, ಪಟ್ಟಿ ಹಿಡಿದು ನಡೆಯಿರಿ. ಪ್ರತಿ ಕಲ್ಲಿನ ಸುತ್ತ ಒಂದು ಮೀಟರ್ ಮೆಳೆ ಸವರಿಸಿ, ಬಣ್ಣ ಬಳಿಸಿ, ಅದೇ ಕೋನದಿಂದ ಒಂದು ಫೋಟೊ ತೆಗೆಯಿರಿ. ರಸ್ತೆ ಅಗಲೀಕರಣ ಬಂದಾಗ ಗುತ್ತಿಗೆದಾರರು ಮೊದಲ ದಿನವೇ ಹಳೆಯ ಕಲ್ಲುಗಳನ್ನು ಕಿತ್ತು ಗುಡ್ಡೆ ಹಾಕುತ್ತಾರೆ. ಹೊಸ ಗಡಿಯ ಕಲ್ಲುಗಳು ನೆಲ ಸೇರಿ, ಹಳೆಯ ಕಲ್ಲಿನಿಂದ ಹೊಸ ಕಲ್ಲಿಗಿರುವ ಅಂತರ ಒಂದೊಂದಾಗಿ ಮಹಜರಿಗೆ ಏರುವವರೆಗೆ ಹಳೆಯ ಸಾಲನ್ನು ಮುಟ್ಟಬಾರದು ಎಂದು ಕಾರ್ಯಾದೇಶದಲ್ಲಿಯೇ ಬರೆಸಿ.